ಕಮಲಾದೇವಿ ಚಟ್ಟೋಪಾಧ್ಯಾಯ

ಸಂಸ್ಕೃತ ನಾಟಕಗಳಲ್ಲಿ ಶೂದ್ರಕ ಕವಿಯ ‘ಮೃಚ್ಛಕಟಿಕ’ಕ್ಕೆ ವಿಶಿಷ್ಟವಾದ ಸ್ಥಾನವಿದೆ. ಮೃಚ್ಛಕಟಿಕವೆಂದರೆ ಮಣ್ಣಿನ ಪುಟ್ಟ ಬಂಡಿ. ಉಜ್ಜಯಿನಿಯ ಚಾರುದತ್ತನು ದಾನಧರ್ಮಗಳಿಂದ ಬಡವನಾದ ಸಜ್ಜನ. ಅವನ ಎಳೆಯ ಮಗ ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡು ತನಗೂ ಅಂಥದೇ ಬೇಕೆಂದು ಹಠ ಹಿಡಿಯುತ್ತಾನೆ. ಮನೆಯ ದಾಸಿ ಮಣ್ಣಿನ ಬಂಡಿಯೊಂದನ್ನು ಮಾಡಿಕೊಟ್ಟರೂ ಮಗುವಿನ ಅಳು ನಿಲ್ಲುವುದಿಲ್ಲ. ಅದನ್ನು ಕಂಡು ಮರುಗಿದ ಗಣಿಕೆ ವಸಂತಸೇನೆ ತನ್ನ ಮೈಮೇಲಿನ ಒಡವೆಗಳನ್ನು ಕಳಚಿ ಆ ಮಣ್ಣಿನ ಬಂಡಿಯ ತುಂಬ ಇಡುತ್ತಾಳೆ. ಅರಮನೆಯ ವೈಭವವಾಗಲಿ ಯುದ್ಧದ ಪರಾಕ್ರಮವಾಗಲಿ ಈ ನಾಟಕಕ್ಕೆ ಹೆಸರನ್ನು ಕೊಡಲಿಲ್ಲ. ಯಾವುದೋ ಕೈ ತಟ್ಟಿ ಮಾಡಿದ ಮಣ್ಣಿನ ಆಟಿಕೆಯೊಂದು ಕೊಟ್ಟಿತು.

1931ರಲ್ಲಿ ಈ ನಾಟಕವು ಮೂಕಿಚಿತ್ರವಾಗಿ ತೆರೆಗೆ ಬಂದಿತು. ಅದಕ್ಕೆ ‘ವಸಂತಸೇನಾ’ ಎಂಬ ಹೆಸರೂ ಇದ್ದಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವ್ಯಾಸಂಗ ಮಾಡಿ, ಜರ್ಮನಿಯಲ್ಲಿ ಚಲನಚಿತ್ರ ಕಲೆಯನ್ನು ಅಭ್ಯಾಸಮಾಡಿ ಬಂದಿದ್ದ ಮೋಹನ ದಯಾರಾಮ ಭವನಾನಿಯವರು ಅದರ ನಿರ್ದೇಶಕರು. ಏಣಾಕ್ಷಿ ರಾಮರಾವ್ ಅವರು ಪ್ರಧಾನ ಪಾತ್ರದಲ್ಲಿ ಕಾಣಿಸಿಕೊಂಡರು. ಕನ್ನಡದ ಪ್ರಸಿದ್ಧ ನಾಟಕಕಾರರಾದ ಟಿ. ಪಿ. ಕೈಲಾಸಂ ಅವರು ರಾಜನ ಮೈದುನನಾದ ದುಷ್ಟ ಶಕಾರನಾಗಿ ಅಭಿನಯಿಸಿದರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಸರ್ಕಾರಿ ಹುದ್ದೆಗಿಂತ ರಂಗಭೂಮಿಯನ್ನೇ ಹೆಚ್ಚು ಪ್ರೀತಿಸಿದ ಕೈಲಾಸಂ ಅವರು ಚಿತ್ರದಲ್ಲಿ ನಟಿಸಿದ್ದು ಅಷ್ಟೇನೂ ಆಶ್ಚರ್ಯವಲ್ಲ. ಆದರೆ ಅದೇ ಚಿತ್ರದಲ್ಲಿ ಮಂಗಳೂರಿನ ಗೌರವಸ್ಥ ಮನೆತನದ, ಉಚ್ಚ ವಿದ್ಯಾಭ್ಯಾಸ ಪಡೆದ, ಆ ವೇಳೆಗಾಗಲೇ ದೇಶದ ರಾಜಕೀಯದಲ್ಲಿ ಹೆಸರಾಗಿದ್ದ ಯುವತಿಯೊಬ್ಬರೂ ಅಭಿನಯಿಸಿದ್ದರು. ಅವರೇ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ. ಕನ್ನಡ ಚಿತ್ರರಂಗದ ಚರಿತ್ರೆಯನ್ನು ಬರೆಯುವವರು ಈ ಮೂಕಿಚಿತ್ರದಿಂದಲೇ ತಮ್ಮ ಕಥೆಯನ್ನು ಮೊದಲುಮಾಡುವುದುಂಟು.

ಇದರಲ್ಲಿ ಅಂಥ ಸಾಹಸವೇನಿದ್ದಿತು ಎಂದು ಇಂದಿನ ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ಅಂದಿನ ಕಾಲವನ್ನು ಸ್ವಲ್ಪ ನೆನೆದುಕೊಂಡರೆ ಅದು ತಿಳಿಯುತ್ತದೆ. ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ತಯಾರಿಸಿದಾಗ ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಂಗಸೂ ಒಪ್ಪಲಿಲ್ಲ. ಬೀದಿಬೀದಿ ಅಲೆದು ನಿರಾಶರಾದ ಅವರು ಕಡೆಗೆ ಉಪಾಹಾರಗೃಹದಲ್ಲಿ ಕೆಲಸಮಾಡುತ್ತಿದ್ದ ಸಾಳುಂಕೆ ಎಂಬ ಯುವಕನಿಗೆ ಸೀರೆ ಉಡಿಸಿ ಆ ಪಾತ್ರವನ್ನು ಮಾಡಿಸಬೇಕಾಯಿತು. ಅದೇ ವರ್ಷ ತೆಗೆದ ‘ಮೋಹಿನೀ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಧೈರ್ಯಮಾಡಿ ನಟಿಸಿದರು. ಆದರೂ ಮುಂದಿನ ಹತ್ತು ಹದಿನೈದು ವರ್ಷಗಳವರೆಗೆ ಪರಿಸ್ಥಿತಿ ಬಹಳವೇನೂ ಬದಲಾಗಲಿಲ್ಲ. ನಮ್ಮ ನಾಟಕದ ಕಂಪನಿಗಳಲ್ಲಿಯೂ ಸ್ತ್ರೀ ಪಾತ್ರಗಳನ್ನು ಬಹುಮಟ್ಟಿಗೆ ಪುರುಷರೇ ವಹಿಸುತ್ತಿದ್ದರು. ಜನರು ದುಡ್ಡು ಕೊಟ್ಟು, ರಾತ್ರಿಯೆಲ್ಲ ನಿದ್ದೆಗೆಟ್ಟು ನಾಟಕ ನೋಡುತ್ತಿದ್ದರು. ಸೀತೆಯ ಕಷ್ಟಕ್ಕೆ ಕಣ್ಣೀರಿಡುತ್ತಿದ್ದರು. ಆದರೆ ಅದೇ ಸೀತೆಯಾಗಿ ನಟಿಸಿದ ಹೆಂಗಸನ್ನು ಮನೆಯ ಜಗಲಿಯ ಮೇಲೂ ಕೂರಿಸುತ್ತಿರಲಿಲ್ಲ. ಕಲೆ ಬೇಕು, ಕಲಾವಿದೆ ಬೇಡ ಎಂಬ ಈ ವಿಚಿತ್ರ ನ್ಯಾಯವನ್ನು ಒಪ್ಪದವರಲ್ಲಿ ಕಮಲಾದೇವಿ ಒಬ್ಬರು. ಕುಲೀನರೆನಿಸಿಕೊಂಡ ಹೆಣ್ಣುಮಕ್ಕಳು ದೂರವೇ ಉಳಿದರೆ ರಂಗಭೂಮಿಗೆ ಅಂಟಿದ ಕಳಂಕ ಎಂದಿಗೂ ತೊಳೆದುಹೋಗದೆಂದು ಬಗೆದು, ಅವರು ತಮ್ಮ ಹೆಸರನ್ನೇ ಪಣವಾಗಿಟ್ಟರು.

ಮೂಕಿಚಿತ್ರದ ಅಭಿನಯ ಸುಲಭವಾದುದೂ ಅಲ್ಲ. ನಟರಿಗೆ ಅಲ್ಲಿ ಮಾತಿನ ನೆರವಿಲ್ಲ. ದೃಶ್ಯದ ನಡುವೆ ತೆರೆಯ ಮೇಲೆ ಮೂಡುವ ಒಂದೆರಡು ಬರಹಗಳನ್ನು ಬಿಟ್ಟರೆ ಉಳಿದುದೆಲ್ಲವನ್ನೂ ಕಣ್ಣು, ಹುಬ್ಬು, ಕೈಬೆರಳುಗಳೇ ಹೇಳಬೇಕು. ತೆರೆಯ ಮುಂದೆ ಕುಳಿತ ಹಾರ್ಮೋನಿಯಂ ತಬಲದವರು ನುಡಿಸುವ ಸಂಗೀತವಷ್ಟೇ ಪ್ರೇಕ್ಷಕರ ಕಿವಿಗೆ ಬೀಳುವಂಥದು. ಓದುಬರಹ ಬಾರದವರಿಗಾಗಿ ಒಬ್ಬಾತ ಪಕ್ಕದಲ್ಲಿ ನಿಂತು ಬರಹಗಳನ್ನು ಗಟ್ಟಿಯಾಗಿ ಓದಿ ಹೇಳುವುದೂ ಇದ್ದಿತು. ಆದರೆ ‘ವಸಂತಸೇನಾ’ ಹೊರಬಂದ ಕಾಲಕ್ಕೆ ಮೂಕಿಚಿತ್ರಗಳ ಯುಗವೇ ಮುಗಿಯುತ್ತ ಬಂದಿದ್ದಿತು. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ಮಾತನಾಡಿತು. 1934ರಲ್ಲಿ ‘ಸತಿ ಸುಲೋಚನಾ’ದ ಮೂಲಕ ಬೆಳ್ಳಿತೆರೆ ಕನ್ನಡವನ್ನೂ ನುಡಿಯಿತು. ಭಾರತದಲ್ಲಿ ತಯಾರಾದ 1,300ರಷ್ಟು ಮೂಕಿಚಿತ್ರಗಳಲ್ಲಿ ಇಂದು ಉಳಿದಿರುವುವು ತೀರ ಕೆಲವೇ. ಉಳಿದವುಗಳ ಸುರುಳಿಗಳು ಬೆಂಕಿಗೂ ತೇವಕ್ಕೂ ಅಲಕ್ಷ್ಯಕ್ಕೂ ತುತ್ತಾದವು. ಕಮಲಾದೇವಿಯವರ ಚಿತ್ರಜೀವನವೂ ಹಾಗೆಯೇ ಅಲ್ಪಕಾಲದ್ದು. ಅವರ ಪ್ರಭಾವ ಉಳಿದದ್ದು ಬೇರೆಡೆಯಲ್ಲಿ. ಆದರೆ ಆ ದೀರ್ಘ ಜೀವನವನ್ನು ಅರಿಯಬೇಕಾದರೆ ಮಂಗಳೂರಿನ ಅವರ ಬಾಲ್ಯದಿಂದಲೇ ನೋಡಬೇಕು.

ಕಮಲಾದೇವಿಯವರು ಜನಿಸಿದ್ದು 1903ನೆಯ ಇಸವಿ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರರು ಬ್ರಿಟಿಷ್ ಸರ್ಕಾರದಲ್ಲಿ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿ ಭೂಮಿಕಾಣಿಯುಳ್ಳ ಸಾರಸ್ವತ ಮನೆತನದಿಂದ ಬಂದವರು. ಅವರು ಶಾಲೆಗೆ ಹೋಗಿ ಕಲಿತವರಲ್ಲದಿದ್ದರೂ ಮನೆಯಲ್ಲಿಯೇ ಓದಿ ವಿವೇಕ ಸಂಪಾದಿಸಿದ್ದರು. ಅಜ್ಜಿಯಿಂದ ರಾಮಾಯಣ ಮಹಾಭಾರತದ ಕಥೆಗಳನ್ನೂ, ತಾಯಿಯಿಂದ ಪುಸ್ತಕಪ್ರೀತಿಯನ್ನೂ ಪಡೆದು ಬೆಳೆದ ಈ ಕಿರಿಯ ಮಗಳಿಗೆ ಏಳು ವರ್ಷ ತುಂಬಿದಾಗ ತಂದೆ ತೀರಿಕೊಂಡರು. ಅವರು ಉಯಿಲನ್ನು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಸೇರಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ದೊರೆಯಬಹುದಾಗಿದ್ದುದು ತಿಂಗಳಿಗಿಷ್ಟೆಂಬ ಜೀವನಾಂಶ ಮಾತ್ರ. ಗಿರಿಜಾಬಾಯಿಯವರು ಅದನ್ನು ನಿರಾಕರಿಸಿದರು. ತವರಿನಿಂದ ತಂದಿದ್ದ ಸ್ತ್ರೀಧನದ ಮೇಲೆಯೇ ಮಕ್ಕಳನ್ನು ಸಾಕಲು ನಿಶ್ಚಯಿಸಿದರು. ದೊಡ್ಡ ಮನೆಯೊಂದರಲ್ಲಿ ಓಡಾಡಿಕೊಂಡಿದ್ದ ಹುಡುಗಿಗೆ ಒಂದೇ ದಿನದಲ್ಲಿ ಆ ಮನೆ ತನ್ನದಲ್ಲವಾಯಿತು. ಹೆಣ್ಣಿಗೆ ಹಕ್ಕೆಂಬುದಿಲ್ಲ, ಇರುವುದು ಇತರರ ಕೃಪೆ ಮಾತ್ರ ಎಂಬ ಕಹಿಸತ್ಯ ಆಕೆಗೆ ಪುಸ್ತಕದಿಂದ ತಿಳಿದುದಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ, 1917ರಲ್ಲಿ, ಆಕೆಗೆ ವಿವಾಹವಾಯಿತು. ಎರಡು ವರ್ಷ ಕಳೆಯುವುದರೊಳಗೆ ಪತಿ ತೀರಿಹೋದರು. ಅಂದಿನ ಕಾಲದಲ್ಲಿ ಬಾಲವಿಧವೆಗೆ ಕಾದಿದ್ದುದು ಕತ್ತಲೆಯ ಕೋಣೆ, ಮಂಗಳಕಾರ್ಯಗಳಿಂದ ದೂರವಿರುವ ಜೀವನ. ಗಿರಿಜಾಬಾಯಿಯವರು ಮಗಳನ್ನು ಅದಕ್ಕೆ ಒಪ್ಪಿಸಲಿಲ್ಲ. ಓದನ್ನು ಮುಂದುವರಿಸಲು ಬೆನ್ನೆಲುಬಾದರು. ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಕಮಲಾದೇವಿಗೆ ಸುಹಾಸಿನಿ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಆಕೆ ಸರೋಜಿನಿ ನಾಯಿಡು ಅವರ ತಂಗಿ. ಸುಹಾಸಿನಿಯವರ ಮೂಲಕ ಅವರ ಅಣ್ಣ ಹರೀಂದ್ರನಾಥರ ಪರಿಚಯವಾಯಿತು. ಹರೀಂದ್ರನಾಥರು ಕವಿ, ನಾಟಕಕಾರ, ಗಾಯಕ, ನಟ, ಎಲ್ಲವೂ ಆಗಿದ್ದವರು. ಇಪ್ಪತ್ತರ ಹರೆಯದ ಕಮಲಾದೇವಿ ಅವರನ್ನು ವರಿಸಿದಾಗ ಎರಡು ಕಡೆಯಿಂದಲೂ ಟೀಕೆಗಳ ಮಳೆ ಸುರಿಯಿತು. ವಿಧವೆಯ ಪುನರ್ವಿವಾಹವೇ ಒಂದು ಅಪರಾಧ. ಕನ್ನಡನಾಡಿನ ಸಾರಸ್ವತರ ಹುಡುಗಿ ಬಂಗಾಳಿಯನ್ನು ಮದುವೆಯಾದುದು ಇನ್ನೊಂದು.

ಹರೀಂದ್ರನಾಥರ ಜೊತೆಗೆ ಕಮಲಾದೇವಿ ರಂಗಸ್ಥಳವನ್ನೇರಿದ್ದು ಈ ದಿನಗಳಲ್ಲಿ. ಪತಿ ಬರೆದ ನಾಟಕಗಳಲ್ಲಿ ಪತ್ನಿಯೂ ಪಾತ್ರ ವಹಿಸುತ್ತಿದ್ದರು. ಊರೂರು ಸುತ್ತಿ ಆಡುತ್ತಿದ್ದರು. ಮನೆತನದ ಮರ್ಯಾದೆಯನ್ನು ಬೀದಿಗೆ ತಂದಳೆಂದು ಆಡಿಕೊಂಡವರಿಗೆ ಲೆಕ್ಕವಿಲ್ಲ. ಆದರೆ ಸಾವಿರ ಕಣ್ಣುಗಳ ಎದುರು ಅಳುಕದೆ ನಿಲ್ಲುವ ಅಭ್ಯಾಸ ಅವರಿಗೆ ಬಂದುದು ಆ ರಂಗಸ್ಥಳದ ಮೇಲೆಯೇ. ಮುಂದೆ ಸಭೆಗಳಲ್ಲಿ, ನ್ಯಾಯಾಲಯದಲ್ಲಿ, ಪೊಲೀಸರ ಲಾಠಿಗಳ ಮುಂದೆ ಆ ಅಭ್ಯಾಸ ಉಪಯೋಗಕ್ಕೆ ಬಂದಿತು.

ಮದುವೆಯಾದ ಕೆಲಕಾಲದಲ್ಲಿಯೇ ಅವರು ಇಂಗ್ಲೆಂಡಿಗೆ ತೆರಳಿ ಲಂಡನ್ ವಿಶ್ವವಿದ್ಯಾನಿಲಯದ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡಿದರು. ಗಾಂಧೀಜಿಯವರ ಅಸಹಕಾರ ಚಳುವಳಿಯ ವಾರ್ತೆ ಅಲ್ಲಿಯೇ ಅವರನ್ನು ಸೆಳೆಯಿತು. ಸ್ವದೇಶಕ್ಕೆ ಹಿಂದಿರುಗಿ ಸೇವಾದಳವನ್ನು ಸೇರಿದರು. 1926ರಲ್ಲಿ ಮದರಾಸು ಪ್ರಾಂತದ ಶಾಸನಸಭೆಗೆ ಸ್ತ್ರೀಯರೂ ಸ್ಪರ್ಧಿಸಬಹುದೆಂದಾಯಿತು. ಮಾರ್ಗರೆಟ್ ಕಸಿನ್ಸ್ ಅವರ ಪ್ರೋತ್ಸಾಹದಿಂದ ಕಮಲಾದೇವಿ ಚುನಾವಣೆಗೆ ನಿಂತರು. ಪ್ರಚಾರಕ್ಕೆ ದೊರೆತುದು ಕೆಲವೇ ದಿನಗಳು. ಮತದಾರರಲ್ಲಿ ಹೆಂಗಸರು ತೀರ ವಿರಳ. ಹಾಗಿದ್ದರೂ ಅವರು ಅತ್ಯಲ್ಪ ಅಂತರದಿಂದ ಸೋತರು. ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಭಾರತದ ಮೊದಲ ಮಹಿಳೆ ಎಂಬ ಕೀರ್ತಿ ಮಾತ್ರ ಅವರಿಗೆ ಸಂದಿತು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಸ್ಥಾಪನೆಯಾದಾಗ ಅದರ ಸಂಘಟನಾ ಕಾರ್ಯದರ್ಶಿಯ ಹೊಣೆ ಅವರ ಹೆಗಲೇರಿತು. ಬಾಲ್ಯವಿವಾಹದ ನಿಷೇಧ, ಹೆಣ್ಣುಮಕ್ಕಳ ವಿದ್ಯಾಭ್ಯಾಸ, ಸ್ತ್ರೀಯರ ಆಸ್ತಿಹಕ್ಕು ಇವೆಲ್ಲ ಆ ಸಮ್ಮೇಳನದ ಮುಂದಿದ್ದ ಪ್ರಶ್ನೆಗಳು. ಅವುಗಳಲ್ಲಿ ಪ್ರತಿಯೊಂದೂ ಅವರ ಮನೆಯೊಳಗೇ ನಡೆದುಹೋಗಿದ್ದ ಕಥೆಯಾಗಿದ್ದಿತು.

1930ರ ಮಾರ್ಚ್ ತಿಂಗಳಲ್ಲಿ ಗಾಂಧೀಜಿಯವರು ದಂಡಿಯಾತ್ರೆ ಹೊರಟಾಗ ಅವರೊಡನೆ ನಡೆದ ತಂಡದಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಸ್ತ್ರೀಯರು ವಿದೇಶೀ ಬಟ್ಟೆಯ ಅಂಗಡಿಗಳ ಹಾಗೂ ಹೆಂಡದಂಗಡಿಗಳ ಮುಂದೆ ಧರಣಿ ಹೂಡಲಿ ಎಂಬುದು ಗಾಂಧೀಜಿಯವರ ಯೋಚನೆಯಾಗಿದ್ದಿತು. ಕಮಲಾದೇವಿಗೆ ಇದು ಸರಿದೋರಲಿಲ್ಲ. ಉಪ್ಪು ಪ್ರತಿಯೊಂದು ಅಡಿಗೆಮನೆಗೂ ಬೇಕು. ಆ ಅಡಿಗೆಮನೆಯನ್ನು ನಡೆಸುವವಳನ್ನೇ ಉಪ್ಪಿನ ಹೋರಾಟದಿಂದ ಹೊರಗಿಡುವುದು ಎಲ್ಲಿಯ ನ್ಯಾಯ? ಅವರು ಗಾಂಧೀಜಿಯವರಲ್ಲಿಗೇ ಹೋಗಿ ವಾದಿಸಿದರು. ಒಪ್ಪಿಗೆಯನ್ನು ಪಡೆದೇ ಮರಳಿದರು. ಮುಂಬಯಿಯಲ್ಲಿ ಕಾನೂನು ಮುರಿದು ಉಪ್ಪು ತಯಾರಿಸಲು ಮುಂದಾದ ಮೊದಲ ತಂಡದಲ್ಲಿ ಅವಂತಿಕಾಬಾಯಿ ಗೋಖಲೆಯವರೊಡನೆ ಕಮಲಾದೇವಿಯೂ ಇದ್ದರು. ಸಮುದ್ರದ ನೀರು ಕಾಯಿಸಿ ತೆಗೆದ ಉಪ್ಪನ್ನು ಚಿಕ್ಕ ಪೊಟ್ಟಣಗಳಾಗಿ ಕಟ್ಟಿ ಬೀದಿಗಳಲ್ಲಿ ಮಾರಿದರು. ಷೇರುಪೇಟೆಯ ಕಟ್ಟಡವನ್ನು ಹೊಕ್ಕು ಅಲ್ಲಿನ ಧನಿಕರಿಗೂ ಮಾರಿದರು. ನ್ಯಾಯಾಧೀಶರ ಮುಂದೆಯೂ ಆ ಪೊಟ್ಟಣವನ್ನು ಹಿಡಿದು ಕೊಳ್ಳುವಿರಾ ಎಂದು ಕೇಳಲು ಅವರು ಹಿಂಜರಿಯಲಿಲ್ಲ. ಬಂಧನವಾಯಿತು; ಹಲವು ತಿಂಗಳ ಸೆರೆವಾಸವಾಯಿತು. ಆ ವರ್ಷ ದೇಶದಾದ್ಯಂತ ಸಾವಿರಾರು ಗೃಹಿಣಿಯರು ಹೊಸ್ತಿಲು ದಾಟಿ ಬೀದಿಗಿಳಿದರು. ಉತ್ತರ ಕನ್ನಡದ ಅಂಕೋಲೆಯ ಕಡಲತೀರದಲ್ಲಿಯೂ ಉಪ್ಪಿನ ಸತ್ಯಾಗ್ರಹ ನಡೆಯಿತೆಂಬುದನ್ನು ಕನ್ನಡಿಗರು ಮರೆಯುವಂತಿಲ್ಲ.

ಇದೇ ಕಾಲವೇ ಅವರು ಮೂಕಿಚಿತ್ರದಲ್ಲಿ ಕಾಣಿಸಿಕೊಂಡ ಕಾಲವೂ ಹೌದು. ಒಂದೆಡೆ ಸೆರೆಮನೆ, ಇನ್ನೊಂದೆಡೆ ಬೆಳ್ಳಿತೆರೆ. ದೇಶಸೇವಕರಿಗೆ ಸಿನಿಮಾ ಸಲ್ಲದೆಂಬ ಭಾವನೆ ಹಲವರಲ್ಲಿ ಬಲವಾಗಿದ್ದಿತು. ಕಮಲಾದೇವಿಯವರ ಮಟ್ಟಿಗೆ ಇವೆರಡರ ನಡುವೆ ವಿರೋಧವೇನೂ ಇದ್ದಂತೆ ತೋರುವುದಿಲ್ಲ.

ಮುಂದಿನ ವರ್ಷಗಳ ರಾಜಕೀಯವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1936ರಲ್ಲಿ ಅವರು ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು. ಹರೀಂದ್ರನಾಥರೊಡನೆ ಬಾಳು ಸರಿಹೊಂದದೆ ವಿವಾಹವಿಚ್ಛೇದನ ಪಡೆದರು. ಅದಕ್ಕೂ ಸಮಾಜ ಅವರನ್ನೇ ದೂರಿತು. ಎರಡನೆಯ ಮಹಾಯುದ್ಧ ಪ್ರಾರಂಭವಾದಾಗ ವಿದೇಶದಲ್ಲಿದ್ದ ಅವರು ಅಮೆರಿಕ, ಜಪಾನ್, ಚೀನ ಮೊದಲಾದ ದೇಶಗಳನ್ನು ಸುತ್ತಿ ಭಾರತದ ಸ್ವಾತಂತ್ರ್ಯದ ಪರವಾಗಿ ಮಾತನಾಡಿದರು. ಅಮೆರಿಕದ ದಕ್ಷಿಣ ಭಾಗದಲ್ಲಿ ನಡೆದ ಒಂದು ಪ್ರಸಂಗವನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ಬಿಳಿಯರಿಗೆಂದು ಮೀಸಲಾದ ರೈಲುಗಾಡಿಯಲ್ಲಿ ಅವರು ಕುಳಿತಿರಲು, ಟಿಕೇಟು ತನಿಖೆಯವನು ಎದ್ದು ಹೋಗುವಂತೆ ಹೇಳಿದನು. ಆಮೇಲೆ ಅವರು ನೀಗ್ರೋ ಮಹಿಳೆಯಲ್ಲ, ಭಾರತದಿಂದ ಬಂದವರು ಎಂದು ತಿಳಿದು ಮೆತ್ತಗಾದನು. ಆ ರಿಯಾಯಿತಿಯನ್ನು ಅವರು ಸ್ವೀಕರಿಸಲಿಲ್ಲ. ತಾವೂ ಕಪ್ಪು ಬಣ್ಣದವರೇ, ಆದರೂ ಏಳುವುದಿಲ್ಲ ಎಂದು ತಿಳಿಸಿ ಕುಳಿತೇ ಇದ್ದರು. ಆತ ಏನೂ ಮಾಡಲಾರದೆ ಹೊರಟುಹೋದನು.

1947ರಲ್ಲಿ ಸ್ವಾತಂತ್ರ್ಯ ಬಂದಿತು. ಜೊತೆಗೆ ದೇಶವಿಭಜನೆಯ ದುರಂತವೂ ಬಂದಿತು. ಹೋರಾಟದಲ್ಲಿ ಪಾಲುಗೊಂಡಿದ್ದ ಅನೇಕರು ಮಂತ್ರಿಗಳೂ ರಾಯಭಾರಿಗಳೂ ರಾಜ್ಯಪಾಲರೂ ಆದರು. ಕಮಲಾದೇವಿ ಅಧಿಕಾರದ ಪದವಿಗಳನ್ನು ಬಯಸಲಿಲ್ಲ. ಮನೆಮಠಗಳನ್ನು ಕಳೆದುಕೊಂಡು ಗಡಿಯಾಚೆಯಿಂದ ಬಂದ ನಿರಾಶ್ರಿತರ ಡೇರೆಗಳತ್ತ ಅವರು ನಡೆದರು. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಸ್ಥಾಪಿಸಿದರು. ವಾಯವ್ಯ ಗಡಿ ಪ್ರಾಂತದಿಂದ ಬಂದ ಹತ್ತಾರು ಸಾವಿರ ಜನರಿಗಾಗಿ ದೆಹಲಿಯ ಬಳಿ ಫರೀದಾಬಾದ್ ಎಂಬ ಹೊಸ ಪಟ್ಟಣ ಎದ್ದಿತು. ಆ ಪಟ್ಟಣವನ್ನು ಕಂಟ್ರಾಕ್ಟುದಾರರು ಕಟ್ಟಿಕೊಡಲಿಲ್ಲ. ನಿರಾಶ್ರಿತರೇ ಇಟ್ಟಿಗೆ ಹೊತ್ತು, ಗಾರೆ ಕಲೆಸಿ, ಗೋಡೆ ಎಬ್ಬಿಸಿ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ಅದಕ್ಕೆ ಕೂಲಿಯನ್ನೂ ಪಡೆದರು. ಅಂಗಡಿ ವ್ಯಾಪಾರದಲ್ಲಿ ಬದುಕಿದ್ದವರಿಗೆ ಮಣ್ಣು ಹೊರುವುದು ಮೊದಮೊದಲು ಅವಮಾನವೆನಿಸಿತು. ದಾನದ ಅನ್ನಕ್ಕಿಂತ ದುಡಿಮೆಯ ಅನ್ನ ಮೇಲೆಂದು ಅವರಿಗೆ ಒಪ್ಪಿಸಲು ಕಮಲಾದೇವಿಯವರೂ ಅವರ ತರುಣ ಸಂಗಡಿಗರೂ ಬಹಳ ಶ್ರಮಪಟ್ಟರು.

ನಿರಾಶ್ರಿತರ ಶಿಬಿರಗಳಲ್ಲಿಯೇ ಅವರ ಕಣ್ಣಿಗೆ ಇನ್ನೊಂದು ವಿಷಯ ಬಿದ್ದಿತು. ಎಲ್ಲವನ್ನೂ ಕಳೆದುಕೊಂಡು ಬಂದವರಲ್ಲಿಯೂ ಕೆಲವರ ಬಳಿ ಯಾರೂ ಕಸಿದುಕೊಳ್ಳಲಾಗದ ಸಂಪತ್ತೊಂದಿದ್ದಿತು. ಅದು ಅವರ ಕೈಗಳಲ್ಲಿದ್ದ ಕುಶಲಕಲೆ. ಕಸೂತಿ ಹಾಕುವವರು, ನೇಯುವವರು, ಬಣ್ಣ ಕಟ್ಟುವವರು, ಮರ ಕೆತ್ತುವವರು ಆ ಜನರ ನಡುವೆ ಇದ್ದರು. ದೇಶದ ಬೇರೆಡೆಗಳಲ್ಲಿಯೂ ಅಂಥವರ ಪಾಡು ಶೋಚನೀಯವಾಗಿದ್ದಿತು. ಗಿರಣಿಯ ಅಗ್ಗದ ಸರಕು ಪೇಟೆಯನ್ನು ತುಂಬಿತ್ತು. ಆಶ್ರಯ ಕೊಡುತ್ತಿದ್ದ ಸಂಸ್ಥಾನಗಳು ಇಲ್ಲವಾಗಿದ್ದವು. ಹೊಸ ಭಾರತವೆಂದರೆ ಉಕ್ಕಿನ ಕಾರ್ಖಾನೆ ಮತ್ತು ಅಣೆಕಟ್ಟು ಎಂದು ನಂಬಿದ್ದವರಿಗೆ ಕುಂಬಾರನ ತಿಗರಿ ಹಳೆಯ ಕಾಲದ ಅವಶೇಷದಂತೆ ಕಾಣುತ್ತಿತ್ತು. ಕುಶಲಕರ್ಮಿಗಳ ಮಕ್ಕಳು ತಂದೆಯ ಉಳಿ ಬಾಚಿಗಳನ್ನು ಮೂಲೆಗೆಸೆದು ಪಟ್ಟಣದ ಕೂಲಿಗೆ ಹೊರಟಿದ್ದರು. ನಟಿಯನ್ನು ಕೀಳಾಗಿ ಕಂಡ ಸಮಾಜವೇ ಕುಶಲಕರ್ಮಿಯನ್ನೂ ಕೀಳಾಗಿ ಕಂಡಿತ್ತು. ಕಲೆಯನ್ನು ಅನುಭವಿಸಿ ಕಲಾವಿದನನ್ನು ಹೊರಗೆ ನಿಲ್ಲಿಸುವ ಅದೇ ಹಳೆಯ ರೂಢಿ.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾಯಿತು. ಕಮಲಾದೇವಿ ಅದರ ಅಧ್ಯಕ್ಷಿಣಿಯಾದರು. ಅವರು ದೆಹಲಿಯ ಕಚೇರಿಯಲ್ಲಿ ಕುಳಿತು ಆಜ್ಞೆಗಳನ್ನು ಹೊರಡಿಸಲಿಲ್ಲ. ರೈಲಿನಲ್ಲಿ, ಬಸ್ಸಿನಲ್ಲಿ, ದಾರಿಯಿಲ್ಲದೆಡೆ ಕಾಲ್ನಡಿಗೆಯಲ್ಲಿ ದೇಶದ ಮೂಲೆಮೂಲೆಗಳನ್ನು ತಲಪಿ, ಒಂದು ಕಸುಬನ್ನು ಬಲ್ಲ ವೃದ್ಧರು ಎಲ್ಲಿ ಉಳಿದಿದ್ದಾರೆ ಎಂದು ಹುಡುಕಿದರು. ಮುದುಕರೊಬ್ಬರು ಸತ್ತರೆ ಅವರೊಡನೆ ಒಂದು ವಿದ್ಯೆಯೇ ಸಾಯುವಂಥ ಸಂದರ್ಭಗಳು ಹಲವಿದ್ದವು.

ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿ ಇದಕ್ಕೊಂದು ನಿದರ್ಶನ. ಬಟ್ಟೆಯ ಮೇಲೆ ಬಿದಿರಿನ ಲೇಖನಿಯಿಂದ ರಾಮಾಯಣ ಮಹಾಭಾರತಗಳ ದೃಶ್ಯಗಳನ್ನು ಬರೆಯುವ ಈ ಕಲೆ ಬಹು ತಾಳ್ಮೆಯನ್ನು ಬೇಡುತ್ತದೆ. ಮೊದಲು ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ಅದ್ದಿ ಒಣಗಿಸಬೇಕು. ಹಾಲಿನ ಜಿಡ್ಡಿನಿಂದ ಬಣ್ಣ ಅತ್ತಿತ್ತ ಹರಡದು. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಲವು ದಿನ ಕೊಳೆಯಿಸಿದರೆ ದೊರೆಯುವ ದ್ರವ ಅಳಲೆಕಾಯಿಯೊಡನೆ ಸೇರಿ ಅಚ್ಚಗಪ್ಪಾಗುತ್ತದೆ. ಕೆಂಪು, ಹಳದಿ, ನೀಲಿ ಬಣ್ಣಗಳೂ ಬೇರು, ಹೂವು, ಎಲೆಗಳಿಂದ ಬರುವಂಥವೇ. ಒಂದೊಂದು ಬಣ್ಣಕ್ಕೂ ಬಟ್ಟೆಯನ್ನು ಹರಿಯುವ ನೀರಿನಲ್ಲಿ ಒಗೆದು ಮತ್ತೆ ಬಿಸಿಲಿಗೆ ಹರವಬೇಕು. ಸ್ವಾತಂತ್ರ್ಯದ ವೇಳೆಗೆ ಇದನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ ಮಾತ್ರ ಉಳಿದಿದ್ದರು. ಕಮಲಾದೇವಿಯವರ ಪ್ರಯತ್ನದಿಂದ 1950ರ ದಶಕದಲ್ಲಿ ಅಲ್ಲಿ ಶಿಕ್ಷಣಕೇಂದ್ರವೊಂದು ಪ್ರಾರಂಭವಾಯಿತು. ಹಳೆಯ ಗುರುವಿಗೆ ಸಂಬಳ, ಕಲಿಯುವ ಹುಡುಗರಿಗೆ ವಿದ್ಯಾರ್ಥಿವೇತನ ಗೊತ್ತಾದವು. ರಾಜಸ್ಥಾನದಲ್ಲಿ ನಶಿಸುತ್ತಿದ್ದ ಜೈಪುರದ ನೀಲಿ ಮಡಕೆಯ ಕೆಲಸವೂ ಅವರ ಬೆಂಬಲದಿಂದ ಚೇತರಿಸಿಕೊಂಡಿತು.

ಕಲಿಸಿದರೆ ಸಾಲದು; ಮಾಡಿದ ವಸ್ತು ಮಾರಾಟವಾಗಬೇಕು. ದಳ್ಳಾಳಿ ಕಾಸಿಗೆ ಕೊಂಡು ರೂಪಾಯಿಗೆ ಮಾರುವ ಏರ್ಪಾಡಿನಲ್ಲಿ ಕುಶಲಕರ್ಮಿಯ ಹೊಟ್ಟೆ ತುಂಬುವಂತಿರಲಿಲ್ಲ. ದೆಹಲಿಯ ಕೇಂದ್ರ ಗೃಹಕೈಗಾರಿಕಾ ಮಳಿಗೆಯ ಆಡಳಿತವನ್ನು ಸಹಕಾರ ಒಕ್ಕೂಟ 1952ರಲ್ಲಿ ವಹಿಸಿಕೊಂಡಿತು. ಕರ್ಮಿಗೆ ನ್ಯಾಯವಾದ ಬೆಲೆ, ಕೊಳ್ಳುವವನಿಗೆ ಚೌಕಾಶಿಯಿಲ್ಲದ ನಿಗದಿಯಾದ ದರ ಎಂಬ ಪದ್ಧತಿ ಅಲ್ಲಿ ಬೇರೂರಿತು. ದೆಹಲಿ, ಮುಂಬಯಿ, ಕಲ್ಕತ್ತ, ಬೆಂಗಳೂರುಗಳಲ್ಲಿ ವಿನ್ಯಾಸಕೇಂದ್ರಗಳು ತೆರೆದವು. 1965ರಿಂದ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಸಂಪ್ರದಾಯ ಆರಂಭವಾಯಿತು. ಹಳ್ಳಿಯ ಮಗ್ಗದ ಮನೆಯಿಂದ ಬಂದ ನೇಕಾರನೊಬ್ಬ ರಾಜಧಾನಿಯ ಸಭಾಂಗಣದಲ್ಲಿ ವಿದ್ವಾಂಸರಂತೆ ಮನ್ನಣೆ ಪಡೆಯುವುದು ಅದುವರೆಗೆ ಯಾರೂ ಕಂಡಿರದ ದೃಶ್ಯ. ಈ ಎಲ್ಲ ಕೆಲಸಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದೆಂದು ಹೇಳಿದರೆ ತಪ್ಪಾಗಲಾರದು. ಹಣ ಹೊಟ್ಟೆಗಾಯಿತು; ಮರ್ಯಾದೆ ಮಗನನ್ನು ಕಸುಬಿನಲ್ಲಿ ಉಳಿಸಿತು.

ನಮ್ಮ ನಾಡಿನಲ್ಲಿಯೇ ಇಂಥ ಕಸುಬುಗಳು ಎಷ್ಟಿವೆ! ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ತಾಳೆಗರಿಯಿಂದ ಉಜ್ಜಿ ಮಿರುಗಿಸುವ ಚನ್ನಪಟ್ಟಣದ ಗೊಂಬೆಗಳಿವೆ. ಗಂಟಿಲ್ಲದೆ, ನಕಾಶೆ ಬರೆದುಕೊಳ್ಳದೆ, ಎಳೆ ಎಣಿಸಿಯೇ ಹಾಕುವ ಧಾರವಾಡದ ಕಸೂತಿಯಿದೆ. ಇಳಕಲ್ಲಿನ ಸೀರೆ, ಮೈಸೂರಿನ ಬೀಟೆಮರದ ಕೆತ್ತನೆ, ಮೇಲುಕೋಟೆಯ ಪಂಚೆ, ಶ್ರೀರಂಗಪಟ್ಟಣದ ಬಳಿಯ ಕೊಡಿಯಾಲದ ಮಗ್ಗಗಳು ಇವೆ. ಕಮಲಾದೇವಿಯವರು ಭಾರತದ ಕರಕುಶಲ ಕಲೆಗಳನ್ನೂ ಕಸೂತಿಗಳನ್ನೂ ಜಮಖಾನೆಗಳನ್ನೂ ಕುರಿತು ಬರೆದ ಗ್ರಂಥಗಳು ಈ ಕ್ಷೇತ್ರದಲ್ಲಿ ಕೆಲಸಮಾಡುವವರಿಗೆ ಆಧಾರಗ್ರಂಥಗಳಾಗಿವೆ. ಅವರು ಸದಾ ಉಡುತ್ತಿದ್ದುದು ಕೈಮಗ್ಗದ ಸೀರೆಯನ್ನೇ. ತೊಡುತ್ತಿದ್ದುದು ಹಳ್ಳಿಗರ ಬೆಳ್ಳಿಯ ಒಡವೆಗಳನ್ನು. ಮುಡಿಯಲ್ಲಿ ಹೂವಿರುತ್ತಿತ್ತು. ವೈಧವ್ಯದ ಹೆಸರಿನ ಕಟ್ಟಳೆಗಳು ಹದಿನಾರರ ಹರೆಯದಲ್ಲಿ ಕಸಿಯಲು ಬಂದ ಹೂವನ್ನು ಅವರು ಎಂಬತ್ತರಲ್ಲಿಯೂ ಮುಡಿದಿದ್ದರು.

ರಂಗಭೂಮಿಯನ್ನು ಅವರು ಮರೆಯಲಿಲ್ಲ. 1944ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ನ್ಯಾಷನಲ್ ಥಿಯೇಟರ್ ಸ್ಥಾಪನೆಯಾದಾಗ ಅದರ ಹಿಂದೆ ಅವರಿದ್ದರು. ಅವರ ನಾಯಕತ್ವದ ಭಾರತೀಯ ನಾಟ್ಯಸಂಘ ಏಷ್ಯದ ನಾಟ್ಯಶಿಕ್ಷಣಕ್ಕಾಗಿ ದೆಹಲಿಯಲ್ಲಿ ಆರಂಭಿಸಿದ ಸಂಸ್ಥೆ ಮುಂದೆ ರಾಷ್ಟ್ರೀಯ ನಾಟಕಶಾಲೆಯಲ್ಲಿ ಸೇರಿಹೋಯಿತು. ಇಂದು ಆ ಶಾಲೆಯಲ್ಲಿ ನೂರಾರು ಹುಡುಗಿಯರು ಅಭಿನಯ ಕಲಿತು ಹೊರಬಂದಿದ್ದಾರೆ. ಅವರ ಹೆತ್ತವರು ಅದಕ್ಕಾಗಿ ಹೆಮ್ಮೆಪಡುತ್ತಾರೆ. 1913ರಲ್ಲಿ ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಂಗಸೂ ಸಿಗದ ದೇಶವಿದು ಎಂದರೆ ನಂಬುವುದು ಕಷ್ಟ. ಸಂಗೀತ ನಾಟಕ ಅಕಾಡೆಮಿ 1974ರಲ್ಲಿ ಅವರಿಗೆ ತನ್ನ ಅತ್ಯುನ್ನತ ಗೌರವವಾದ ರತ್ನಸದಸ್ಯತ್ವವನ್ನು ನೀಡಿತು.

ಇತರ ಗೌರವಗಳೂ ಅವರನ್ನು ಅರಸಿ ಬಂದವು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. 1964ರಲ್ಲಿ ವಿಶ್ವ ಕರಕುಶಲ ಪರಿಷತ್ತು ಆರಂಭವಾದಾಗ ಅದರ ಸ್ಥಾಪಕರಲ್ಲಿ ಒಬ್ಬರಾಗಿ ಅವರು ಇದ್ದರು. ಅದೇ ವರ್ಷ ಭಾರತದ ಕರಕುಶಲ ಪರಿಷತ್ತೂ ಮದರಾಸಿನಲ್ಲಿ ಜನ್ಮತಾಳಿತು. ತಮ್ಮ ಬಾಳಿನ ನೆನಪುಗಳನ್ನು 1986ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. 1988ರ ಅಕ್ಟೋಬರ್ 29ರಂದು, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ, ಕಮಲಾದೇವಿಯವರು ಮುಂಬಯಿಯಲ್ಲಿ ಕಣ್ಮುಚ್ಚಿದರು. ಆ ವೇಳೆಗೆ ಶ್ರೀಕಾಳಹಸ್ತಿಯ ಕೇಂದ್ರದಲ್ಲಿ ಕಲಿತ ಹುಡುಗರು ತಾವೇ ಗುರುಗಳಾಗಿ, ತಮ್ಮ ಮನೆಯ ಮಕ್ಕಳಿಗೆ ಬಿದಿರಿನ ಲೇಖನಿ ಹಿಡಿಯುವುದನ್ನು ಕಲಿಸುತ್ತಿದ್ದರು.